ಎಣ್ಣೆ ಹೊಡೆದ ಕ್ಲಚ್: ಹಳೇ ಮಿಲಿಟರಿ ಡಾಡ್ಜ್ ಜೊತೆ ಆರು ವರ್ಷ

ಮೊದಲೇ ಹೇಳಿಬಿಡುತ್ತೇನೆ. ಆರು ವರ್ಷದಲ್ಲಿ ಈ ಗಾಡಿಯ ಗೇರ್ ಬಾಕ್ಸ್ ಮೂರು ಸಲ ಕೆಳಗೆ ಇಳಿದಿದೆ, ಅದರಲ್ಲಿ ಎರಡು ಸಲ ದಂಡಕ್ಕೆ. ಕ್ಲಚ್ ಹೋಯ್ತು, ಕ್ಲಚ್ ಹೋಯ್ತು ಅಂತ ದುಡ್ಡು ಸುರಿದೆ. ಕೊನೆಗೆ ನೋಡಿದರೆ ಕ್ಲಚ್ಚಿನದ್ದು ಏನೂ ತಪ್ಪಿಲ್ಲ, ಎಂಜಿನ್‌ಗೆ ಉಸಿರು ಕಟ್ಟಿತ್ತು.

ಗಾಡಿ ಡಾಡ್ಜ್ ಡಬ್ಲ್ಯೂಸಿ-52. ವೆಪನ್ ಕ್ಯಾರಿಯರ್ ಅಂತಾರೆ, ಎರಡನೇ ಮಹಾಯುದ್ಧದ ಮುಕ್ಕಾಲು ಟನ್ನಿನ ಟ್ರಕ್ಕು. ಮುಂದೆ ವಿಂಚ್ (ಕೇಬಲ್ ಸುತ್ತಿ ಭಾರ ಎಳೆಯುವ ಯಂತ್ರ) ಇದ್ದರೆ 52, ಇಲ್ಲದಿದ್ದರೆ 51. 1942ರಿಂದ 1945ರ ತನಕ ಅಮೆರಿಕದಲ್ಲಿ ತಯಾರಾದವು. ಯುದ್ಧ ಮುಗಿದ ಮೇಲೆ ಇಲ್ಲಿ ಉಳಿದ ಮಿಲಿಟರಿ ಗಾಡಿಗಳು ಡಿಸ್ಪೋಸಲ್‌ನಲ್ಲಿ ಮಾರಾಟವಾಗಿ ಎಷ್ಟೋ ಮಲೆನಾಡು ಸೇರಿ ನಾಟಾ ಎಳೆದವು. ನನ್ನದೂ ಮೂಡಿಗೆರೆ ಕಡೆಯ ಕಾಫಿ ತೋಟದ ಶೆಡ್ಡಿನಲ್ಲಿ ಕೋಳಿಗಳ ಜೊತೆ ನಿಂತಿದ್ದದ್ದು. 2019ರಲ್ಲಿ ಲಾರಿ ಮೇಲೆ ಹಾಕಿಸಿಕೊಂಡು ಬೆಂಗಳೂರಿನ ನಾಗರಬಾವಿಗೆ ತಂದೆ. ಆರು ಸಿಲಿಂಡರಿನ ಫ್ಲಾಟ್‌ಹೆಡ್ ಪೆಟ್ರೋಲ್ ಎಂಜಿನ್, 230 ಕ್ಯೂಬಿಕ್ ಇಂಚು, ಅಂದರೆ ಹತ್ತಿರ ಹತ್ತಿರ 3.8 ಲೀಟರ್. ಹೊಸದಿದ್ದಾಗ 92 ಹಾರ್ಸ್‌ಪವರ್ ಇತ್ತಂತೆ. ಈಗ ಎಷ್ಟು ಕುದುರೆ ಉಳಿದಿವೆಯೋ ಎಣಿಸಲು ಹೋಗಿಲ್ಲ.

ಓಡಿಸೋಕೆ ಹೇಗಿದೆ ಅಂತ ಕೇಳುವವರಿಗೆ ಬೇಗ ಹೇಳಿ ಮುಗಿಸುತ್ತೇನೆ. ಸ್ಟೇರಿಂಗ್ ಎಡಗಡೆ, ಓವರ್‌ಟೇಕ್ ಮಾಡಬೇಕಂದ್ರೆ ಪಕ್ಕದಲ್ಲಿ ಕೂತವರು ಇಣುಕಿ ನೋಡಿ "ಹ್ಞೂಂ ಬಾ" ಅನ್ನಬೇಕು. ನಾಲ್ಕು ಗೇರ್, ಸಿಂಕ್ರೋ (ಗೇರ್‌ಗಳ ವೇಗ ತಾನೇ ಹೊಂದಿಸುವ ಏರ್ಪಾಡು) ಇಲ್ಲ, ಆದ್ದರಿಂದ ಪ್ರತಿ ಗೇರಿಗೂ ಎರಡೆರಡು ಸಲ ಕ್ಲಚ್ ತುಳಿಯಬೇಕು. ಲೀಟರಿಗೆ ಮೂರೂವರೆ ಕಿಲೋಮೀಟರ್ ಕೊಟ್ಟರೆ ಆವತ್ತು ಹಬ್ಬ. ಆದರೂ ಭಾನುವಾರ ಬೆಳಿಗ್ಗೆ ಮಾಗಡಿ ರೋಡಿನಲ್ಲಿ ಹೋಗುವಾಗ ಸಿಗುವ ಖುಷಿ ಬೇರೆ ಯಾವ ಗಾಡಿಯಲ್ಲೂ ನನಗೆ ಸಿಕ್ಕಿಲ್ಲ.

ಈಗ ಆಯಿಲ್ ವಿಷಯಕ್ಕೆ ಬರೋಣ.

ತಂದ ಮೊದಲ ವಾರವೇ ಗೇಟಿನ ಮುಂದೆ ಅಂಗೈ ಅಗಲ ಕಪ್ಪು ಕಲೆ. "ಹಳೇ ಗಾಡಿ ಸಾರ್, ಸೋರೋದೇ" ಅಂದರು ಎಲ್ಲರೂ, ನಾನೂ ನಂಬಿದೆ. 300 ಕಿಲೋಮೀಟರಿಗೆ ಒಂದು ಲೀಟರ್ ಸುರಿಯುತ್ತಾ ಓಡಿಸಿದೆ. ಆ ವರ್ಷದ ಕೊನೆಗೆ ನಂದಿ ಬೆಟ್ಟ ಹತ್ತುವಾಗ ಎಂಜಿನ್ ರೇಸ್ ಆಗುತ್ತದೆ, ಗಾಡಿ ಮಾತ್ರ ಏರುತ್ತಿಲ್ಲ, ಮೂಗಿಗೆ ಸುಟ್ಟ ವಾಸನೆ. ಕ್ಲಚ್ ಜಾರುತ್ತಿತ್ತು. ಮೈಸೂರು ರೋಡ್ ಕಡೆಯ ಒಂದು ಗ್ಯಾರೇಜಿಗೆ ಬಿಟ್ಟೆ. ಎರಡೇ ದಿನಕ್ಕೆ ರೆಡಿ, 7,000 ರೂಪಾಯಿ ಬಿಲ್. ಆಮೇಲೆ ಗೊತ್ತಾಗಿದ್ದು, ಆಯಿಲ್ ಕುಡಿದ ಹಳೇ ಕ್ಲಚ್ ಪ್ಲೇಟನ್ನೇ ಪೆಟ್ರೋಲ್‌ನಲ್ಲಿ ತೊಳೆದು, ಬ್ಲೋ ಲ್ಯಾಂಪ್ ಹಿಡಿದು, ಸ್ಯಾಂಡ್ ಪೇಪರ್ ಉಜ್ಜಿ ಕೂರಿಸಿದ್ದರು. ಇದನ್ನು ಯಾರಾದರೂ ಮಾಡ್ತೀವಿ ಅಂದ್ರೆ ಒಪ್ಪಬೇಡಿ. ಪ್ಲೇಟಿನ ಲೈನಿಂಗ್ (ಹಿಡಿತ ಕೊಡುವ ಪದರ) ಒಳಗೆ ಇಳಿದ ಆಯಿಲ್ ಮೇಲೆ ತೊಳೆದರೆ ಹೋಗಲ್ಲ, ನಾಲ್ಕು ಸಲ ಬಿಸಿಯಾದರೆ ಮತ್ತೆ ಬೆವರಿನ ಹಾಗೆ ಹೊರಗೆ ಬರುತ್ತದೆ. ಇನ್ನೊಂದು ಮಾತು, ಇಷ್ಟು ಹಳೇ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು, ಆ ಧೂಳನ್ನು ಏರ್ ಹೊಡೆದು ಹಾರಿಸುವುದು ಒಳ್ಳೇದಲ್ಲ.

ಎರಡನೇ ಗ್ಯಾರೇಜ್ ಸ್ವಲ್ಪ ಪರವಾಗಿಲ್ಲ. ಪ್ಲೇಟಿಗೆ ಹೊಸ ಲೈನಿಂಗ್ ಹೊಡೆಸಿದರು, ಪ್ರೆಷರ್ ಪ್ಲೇಟಿನ ಸ್ಪ್ರಿಂಗ್ ಬದಲಿಸಿದರು, ಎಂಜಿನ್ ಆಯಿಲ್ ಕ್ಲಚ್ ಕಡೆ ಬಾರದಂತೆ ತಡೆಯುವ ಕ್ರ್ಯಾಂಕಿನ ಹಿಂದಿನ ಸೀಲೂ ಹೊಸದು. ಆದರೆ ಪೆಡಲ್‌ಗೆ ಫ್ರೀ ಪ್ಲೇ ಬಿಟ್ಟೇ ಇರಲಿಲ್ಲ. ಕಾಲಿಟ್ಟ ಮೇಲೆ ಒಂದು ಇಂಚಿನಷ್ಟಾದರೂ ಪೆಡಲ್ ಸುಮ್ನೆ ಹೋಗಬೇಕು, ಇಲ್ಲದಿದ್ದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಸದಾ ಪ್ರೆಷರ್ ಪ್ಲೇಟಿನ ಫಿಂಗರ್‌ಗಳ ಮೇಲೆ ಕೂತು ತಿರುಗುತ್ತಲೇ ಇರುತ್ತದೆ. ಅದನ್ನು ನಾನೇ ರಾಡ್ ತಿರುಗಿಸಿ ಸರಿ ಮಾಡಿಕೊಂಡೆ. ಎರಡು ತಿಂಗಳು ಚೆನ್ನಾಗಿತ್ತು. ಆಮೇಲೆ ಗೇಟಿನ ಮುಂದೆ ಮತ್ತದೇ ಕಲೆ.

ಆಮೇಲೆ ಬಂದ ಆಯುಧ ಪೂಜೆ ಮರೆಯೋಕಾಗಲ್ಲ. ಚೆಂಡು ಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದು, ನಾಲ್ಕು ಟೈರಿನ ಕೆಳಗೂ ನಿಂಬೆಹಣ್ಣು ಇಟ್ಟು, ಅಮ್ಮ ಆರತಿ ಎತ್ತಿಕೊಂಡು ನಿಂತಿದ್ದಾರೆ. ಮೆಲ್ಲಗೆ ಕ್ಲಚ್ ಬಿಟ್ಟೆ. ಗಾಡಿ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿ ಒಂದು ನೆಗೆತ ನೆಗೆಯಿತು ನೋಡಿ, ನಿಂಬೆಹಣ್ಣು ಒಂದು ಸಿಡಿದು ಎದುರು ಮನೆಯವರ ಸ್ಕೂಟರಿಗೆ. ಎಣ್ಣೆ ತಾಗಿದ ಲೈನಿಂಗ್ ಒಮ್ಮೆ ಜಾರುತ್ತೆ, ಒಮ್ಮೆ ಗಬಕ್ಕನೆ ಹಿಡಿಯುತ್ತೆ. ನಡುಕ ಬಂತು ಅಂದ್ರೆ ಒಳಗೆ ಆಯಿಲ್ ಸೇರಿದೆ ಅಂತ ಮೊದಲು ಅನುಮಾನ ಪಡಿ.

ಮೂರನೇ ಸಲ ಸಿಕ್ಕಿದವರು ಕಾಮಾಕ್ಷಿಪಾಳ್ಯದಲ್ಲಿ ಲೇತ್ ಇಟ್ಟುಕೊಂಡಿರುವ ವಯಸ್ಸಾದ ಫಿಟ್ಟರ್. ನಾನು ಕಥೆಯೆಲ್ಲ ಹೇಳಿದ ಮೇಲೆ ಅವರು ಬಗ್ಗಿ, ಬೆಲ್ ಹೌಸಿಂಗ್ (ಕ್ಲಚ್ ಸುತ್ತಲಿನ ಕವಚ) ಕೆಳಗಿನ ತೂತಿನಿಂದ ಒಂದು ಹನಿ ಬೆರಳಿಗೆ ತಗೊಂಡು ಉಜ್ಜಿ ಮೂಸಿದರು. ಗೇರ್ ಆಯಿಲ್ ಆಗಿದ್ದರೆ ಗಂಧಕದ ಗಬ್ಬು ನಾತ ಇರುತ್ತದೆ, ಇದರಲ್ಲಿ ಇಲ್ಲ. ಅಂದರೆ ಎಂಜಿನ್ ಆಯಿಲ್ಲೇ. ಆಮೇಲೆ ಅಂದರು: "ನಿಮ್ಮ ಕ್ಲಚ್ ಎಣ್ಣೆ ಹೊಡೆದಿದೆ ಸಾರ್. ಕುಡುಕನಿಗೆ ಹೊಸ ಬಟ್ಟೆ ಹೊಲಿಸಿಕೊಟ್ರೆ ಕುಡಿಯೋದು ಬಿಡ್ತಾನಾ?"

ಗೇರ್ ಬಾಕ್ಸ್ ಮುಟ್ಟಲಿಲ್ಲ ಅವರು. ಮೊದಲು ಎಂಜಿನ್ ಪೂರ್ತಿ ಸೀಮೆಎಣ್ಣೆಯಲ್ಲಿ ತೊಳೆಸಿ ಒಣಗಿಸಿದರು. ಮನೆಯಿಂದ ಪೌಡರ್ ಡಬ್ಬ ತನ್ನಿ ಅಂದರು, ಮುಖಕ್ಕೆ ಹಾಕೋ ಪೌಡರ್. ಅದನ್ನು ಎಂಜಿನ್ ಪಕ್ಕ, ಹಿಂದೆ, ಕೆಳಗಿನ ಆಯಿಲ್ ಚೇಂಬರ್ ಅಂಚಿಗೆಲ್ಲ ಚಿಮುಕಿಸಿ ಹತ್ತು ನಿಮಿಷ ಓಡಿಸಿ ಟಾರ್ಚ್ ಬಿಟ್ಟರು. ಬಿಳೀ ಪೌಡರ್ ಮೇಲೆ ಕಪ್ಪು ಗೆರೆ, ಇರುವೆ ಸಾಲಿನ ಹಾಗೆ. ಫ್ಲಾಟ್‌ಹೆಡ್‌ನಲ್ಲಿ ವಾಲ್ವ್‌ಗಳು ಬ್ಲಾಕಿನ ಪಕ್ಕದಲ್ಲೇ ಇರುತ್ತವೆ. ಅವನ್ನು ಮುಚ್ಚುವ ಟ್ಯಾಪೆಟ್ ಮುಚ್ಚಳ ಮ್ಯಾನಿಫೋಲ್ಡಿನ ಹಿಂದೆ ಅಡಗಿ ಕೂತಿರುತ್ತದೆ, ಅದರ ಕಾರ್ಕ್ ಪ್ಯಾಕಿಂಗ್ ಬಿಸಿಗೆ ಹಪ್ಪಳ ಆಗಿತ್ತು. ಅಲ್ಲಿಂದ ಇಳಿದ ಆಯಿಲ್ ಬ್ಲಾಕ್ ಗುಂಟ ಹಿಂದಕ್ಕೆ ಹರಿದು ಬೆಲ್ ಹೌಸಿಂಗ್ ಹತ್ತಿರ ತೊಟ್ಟಿಕ್ಕುತ್ತಿತ್ತು. ಹೊರಗಿನ ಕಲೆ ಅರ್ಧ ಇದರದ್ದೇ. ಇನ್ನರ್ಧ ನಿಜವಾಗಲೂ ಹಿಂದಿನ ಸೀಲಿನಿಂದ, ಕ್ಲಚ್ ಕುಡಿದದ್ದು ಅದನ್ನ. ಆದರೆ ಸೀಲ್ ಹೊಸದಲ್ವಾ?

ಆಗ ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದು, ಒಂದು ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರು. ಸ್ಟಾರ್ಟ್ ಮಾಡಿದ ತಕ್ಷಣ ಕವರ್ ಪೂರಿ ಹಾಗೆ ಉಬ್ಬಿತು.

ಹಳೇ ಎಂಜಿನ್‌ನಲ್ಲಿ ಪಿಸ್ಟನ್ ರಿಂಗ್ ಸವೆದು ಸ್ವಲ್ಪ ಗ್ಯಾಸ್ ಕೆಳಗೆ ಚೇಂಬರಿಗೆ ಇಳಿಯುವುದು ಮಾಮೂಲಿ. ಅದು ಹೊರಗೆ ಹೋಗಲಿ ಅಂತ ನನ್ನ ಎಂಜಿನ್‌ಗೆ ಇದ್ದದ್ದು ನೆಲದ ಕಡೆ ಬಾಯಿ ಮಾಡಿದ ಒಂದು ಕೊಳವೆ. ಅದಕ್ಕೆ ಸೈಕಲ್ ಕಡ್ಡಿ ತೂರಿಸಿದರೆ ಒಂದು ಗೇಣು ಹೋಗಿ ನಿಂತಿತು. ಕೆದಕಿದರೆ ಉದುರಿದ್ದು ಮಣ್ಣು. ತೋಟದ ಶೆಡ್ಡಿನಲ್ಲಿ ಕಣಜ ಗೂಡು ಕಟ್ಟಿತ್ತು, ಅದರ ಮೇಲೆ ವರ್ಷಗಟ್ಟಲೆ ಆಯಿಲ್ ಜಿಡ್ಡು ಮೆತ್ತಿ ಡಾಂಬರಾಗಿತ್ತು. ಮುಚ್ಚಳದ ಜಾಲರಿಯೂ ಹಾಗೇ ಕಟ್ಟಿತ್ತು. ಗ್ಯಾಸಿಗೆ ಬೇರೆ ದಾರಿ ಇಲ್ಲ, ಎಲ್ಲೆಲ್ಲಿ ಸೀಲ್, ಪ್ಯಾಕಿಂಗ್ ಇದೆಯೋ ಅಲ್ಲೆಲ್ಲ ಆಯಿಲ್ಲನ್ನು ತಳ್ಳುತ್ತಿತ್ತು. ಹೊಸ ಸೀಲ್ ಹಾಕಿದರೂ ಅಷ್ಟೇ. ಎರಡು ಗ್ಯಾರೇಜಿನಲ್ಲಿ ಒಬ್ಬರೂ ಆ ಕೊಳವೆಗೆ ಒಂದು ಕಡ್ಡಿ ಹಾಕಿ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ ಬಿಡಿ.

ಕೊಳವೆ ಬಿಡಿಸಿದರೂ ಬೆಂಗಳೂರಿನಲ್ಲಿ ಇನ್ನೊಂದು ತೊಂದರೆ. ಗಾಡಿ ಓಡುವಾಗ ಕೆಳಗೆ ಗಾಳಿ ಬೀಸಿದರೆ ಮಾತ್ರ ಅದು ಗ್ಯಾಸ್ ಎಳೆಯುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಆಮೆ ಥರ ತೆವಳುವಾಗ ಎಲ್ಲಿಯ ಗಾಳಿ? ಹಾಗಾಗಿ ಗುಜರಿಯಿಂದ ಹಳೇ ಪೆಟ್ರೋಲ್ ಕಾರಿನ ಪಿಸಿವಿ ವಾಲ್ವ್ ತಂದು, ಕೊಳವೆ ಮುಚ್ಚಿ, ಪೈಪನ್ನು ಇನ್‌ಟೇಕ್ ಮ್ಯಾನಿಫೋಲ್ಡಿಗೆ ಕೊಟ್ಟೆವು. ಈಗ ಎಂಜಿನ್ನೇ ಆ ಗ್ಯಾಸ್ ಎಳೆದುಕೊಂಡು ಸುಡುತ್ತದೆ. ಕಾರ್ಬುರೇಟರ್ ಐಡಲ್ ಮಾತ್ರ ಮತ್ತೆ ಸೆಟ್ ಮಾಡಬೇಕಾಯ್ತು, ಗಾಳಿ ಜಾಸ್ತಿ ಆಗಿ ಲೋ ಸ್ಪೀಡಿನಲ್ಲಿ ಬಂದ್ ಆಗುತ್ತಿತ್ತು.

ಇಷ್ಟೆಲ್ಲ ಆದ ಮೇಲೆಯೇ ಗೇರ್ ಬಾಕ್ಸ್ ಇಳಿಸಿದ್ದು. ಕಾರ್ಕ್ ಶೀಟ್, ಸೀಲು ಎಲ್ಲಾ ಜೆ.ಸಿ. ರೋಡಿನಲ್ಲೇ ಸಿಕ್ಕವು. ಅಲ್ಲಿ ಡಾಡ್ಜ್ ಸೀಲ್ ಕೊಡಿ ಅಂತ ಕೇಳಿದರೆ ನಗುತ್ತಾರೆ, ಒಳ ಅಳತೆ, ಹೊರ ಅಳತೆ, ದಪ್ಪ ಹೇಳಿ, ಇಲ್ಲಾಂದ್ರೆ ಹಳೇದನ್ನೇ ಕೈಯಲ್ಲಿ ಹಿಡ್ಕೊಂಡು ಹೋಗಿ. ಈ ಗಾಡಿಯ ನಟ್ಟು ಬೋಲ್ಟು ಎಲ್ಲಾ ಇಂಚಿನ ಲೆಕ್ಕ, ಎಂಎಂ ಸ್ಪ್ಯಾನರ್ ಹಾಕಿ ತಲೆ ಸವೆಸಬೇಡಿ. ಹೊಸ ಲೈನಿಂಗ್, ರಿಲೀಸ್ ಬೇರಿಂಗ್, ಪೈಲಟ್ ಬುಷ್, ಎರಡು ತುಂಡಿನ ಹಿಂದಿನ ಸೀಲ್, ಲೇಬರ್ ಸೇರಿ 14,500 ರೂಪಾಯಿ. ಗೂಡು ಕೆದಕಿದ್ದಕ್ಕೆ ಅವರು ಏನೂ ತಗೊಳ್ಳಲಿಲ್ಲ, ಕಾಫಿ ಕುಡಿಸಿ ಅಂದರು.

ಆಮೇಲೆ ಸುಮಾರು 4,000 ಕಿಲೋಮೀಟರ್ ಓಡಿದೆ. ನಂದಿ ಬೆಟ್ಟ ಎರಡು ಸಲ ಹತ್ತಿದೆ, ಜಾರಿಲ್ಲ, ನಡುಕ ಇಲ್ಲ. ಈಗಲೂ ತಿಂಗಳಿಗೊಮ್ಮೆ ಕೈ ಬ್ರೇಕ್ ಎಳೆದು, ನಾಲ್ಕನೇ ಗೇರಿಗೆ ಹಾಕಿ, ನಿಧಾನಕ್ಕೆ ಕ್ಲಚ್ ಬಿಟ್ಟು ನೋಡುತ್ತೇನೆ. ಎಂಜಿನ್ ಟಪ್ ಅಂತ ಆಫ್ ಆಗಬೇಕು, ಆಗುತ್ತಿದೆ. ಆಯಿಲ್ ಇಪ್ಪತ್ತು-ಐವತ್ತು (20W-50 ಗ್ರೇಡ್) ಮಾಮೂಲಿ ಮಿನರಲ್. ಮಧ್ಯೆ ಒಮ್ಮೆ ಶೋಕಿಗೆ ತೆಳು ಸಿಂಥೆಟಿಕ್ ಹಾಕಿದ್ದೆ, ಒಂದೇ ವಾರದಲ್ಲಿ ಎಲ್ಲಾ ಸಂದುಗಳಿಂದ ಜಿನುಗಿ ಬುದ್ಧಿ ಕಲಿಸಿತು.

ಅಂಕ ಕೊಡಬೇಕಂದ್ರೆ ಗಾಡಿಗೆ ಐದಕ್ಕೆ ನಾಲ್ಕು. ಮೊದಲ ಗ್ಯಾರೇಜಿಗೆ ಸೊನ್ನೆ, ಎರಡನೆಯದಕ್ಕೆ ಎರಡು. ಗಾಡಿಯ ಒಂದು ಅಂಕ ಕಿತ್ತದ್ದು ಸೋರಿಕೆಗಲ್ಲ, ಪೆಟ್ರೋಲ್ ಬಂಕ್ ಬಿಲ್ಲಿಗೆ.

ಪೂರ್ತಿ ಒಣಗಿದೆಯಾ ಅಂದ್ರೆ ಇಲ್ಲ. ರಾತ್ರಿ ಗಾಡಿ ಕೆಳಗೆ ಹಳೇ ಫ್ರಿಡ್ಜ್ ಡಬ್ಬದ ರಟ್ಟು ಹಾಸಿ, ಎಲ್ಲಿ ಹನಿ ಬಿತ್ತು ಅಂತ ಪೆನ್ನಿನಲ್ಲಿ ತಾರೀಖು ಬರೆಯುವ ಅಭ್ಯಾಸ ಆಗಿಬಿಟ್ಟಿದೆ. ಮೊದಲು ರಟ್ಟಿನ ಮೇಲೆ ಹನ್ನೊಂದು ಜಾಗ ಇತ್ತು, ಈಗ ಒಂದೇ. ಅದು ವಿಂಚಿಗೆ ಪವರ್ ಕೊಡುವ ಪಿಟಿಓ ಪ್ಯಾಕಿಂಗಿನದು, ಗೇರ್ ಆಯಿಲ್, ದಿನಕ್ಕೆ ಎರಡು ಹನಿ. ಮೂಸಿ ನೋಡಿದ್ದೇನೆ. ಹಬ್ಬ ಮುಗಿಯಲಿ, ಬಿಚ್ಚೋಣ.