ಮಿರರ್ ಡಿಂಗಿ: ಅಂಚಿರುವ ತಳದ ಸುಖ ಕಷ್ಟ
ಹಳೆಯ ಮಿರರ್ ಡಿಂಗಿಯಲ್ಲಿ ಎರಡು ಸೀಸನ್ ಹಾಯಿ ಹಾಕಿದ್ದೇನೆ. 1962ರಲ್ಲಿ ಇಂಗ್ಲೆಂಡಿನಲ್ಲಿ ವಿನ್ಯಾಸಗೊಂಡ, 3.3 ಮೀಟರ್ ಉದ್ದದ, ಕೆಂಪು ಹಾಯಿಯ ಪುಟ್ಟ ದೋಣಿ. ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಲ್ಲಿ ಹೊಲಿದು ಫೈಬರ್ ಗ್ಲಾಸ್ ಪಟ್ಟಿ ಅಂಟಿಸುವುದರಿಂದ ಬದಿ, ತಳ ಸೇರುವ ಕಡೆ ದುಂಡಗಾಗದೆ ಅಂಚು ಬರುತ್ತದೆ, ಅದೇ ಚೈನ್ (ಸರಪಳಿ ಅಲ್ಲ). ಹಾಗಾಗಿ ಮನೆಯಲ್ಲೇ ಕಟ್ಟಬಹುದು. ಹತ್ತುವಾಗ ಜಾಸ್ತಿ ಓಲಾಡುವುದಿಲ್ಲ, ಮಕ್ಕಳನ್ನು ಧೈರ್ಯವಾಗಿ ಕೂರಿಸಬಹುದು. ಆದರೆ ಎದುರು ಅಲೆ ಬಂದರೆ ಚಪ್ಪಟೆ ಮೂತಿಗೆ ಪಟಪಟ ಹೊಡೆತ, ಮುಖಕ್ಕೆಲ್ಲಾ ನೀರು. ಗಾಳಿ ಕಮ್ಮಿ ಇದ್ದಾಗ ಸುಮ್ನೆ ನೇರ ಕೂರಬೇಡಿ. ದೋಣಿಯನ್ನು ಸ್ವಲ್ಪ ಪಕ್ಕಕ್ಕೆ ವಾಲಿಸಿದರೆ ತಳ ನೀರಿಗೆ ತಾಗುವುದು ಕಡಿಮೆಯಾಗಿ ಸಲೀಸಾಗಿ ಸಾಗುತ್ತದೆ. ಹಳೆಯದು ಕೊಳ್ಳುವವರು ಮೊದಲು ಆ ಅಂಚನ್ನೇ ಬೆರಳಿನಿಂದ ಸವರಿ ನೋಡಿ. ನನ್ನದರಲ್ಲಿ ಕಲ್ಲಿನ ಮೇಲೆ ಎಳೆದೂ ಎಳೆದೂ ಪಟ್ಟಿ ಸವೆದು, ಒಳಗಿನ ಮರ ಮೆತ್ತಗಾಗಿ ಉಗುರು ಇಳಿಯುತ್ತಿತ್ತು.