ಕರೆಂಟು ಆಫೀಸಿನ ಜನಸಂಪರ್ಕ ಸಭೆ: ಐದಕ್ಕೆ ಎರಡೂವರೆ ಸ್ಟಾರ್

ಕಳೆದ ಆಷಾಢದಲ್ಲಿ ನಮ್ಮೂರ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟಿತು. ನಮ್ಮದು ಸಾಗರ ತಾಲ್ಲೂಕು, ಲಿಂಗನಮಕ್ಕಿ ಹಿನ್ನೀರಿನ ಅಂಚಿನ ಊರು. ಮರ ಬಿದ್ದು ಲೈನ್ ಹರಿಯೋದು ನಮಗೆ ಹೊಸದಲ್ಲ. ಎರಡು ದಿನ ಚಿಮಣಿ ಬುಡ್ಡಿ ಹಚ್ಚಿಕೊಂಡು ಸುಮ್ಮನಿರುತ್ತೇವೆ. ಈ ಸಲ ಐದನೇ ದಿನವೂ ಕತ್ತಲೆ. ಏಳನೇ ದಿನ ಬೇರೆ ಟಿಸಿ ಬಂತು, ಅದೂ ಹಳೇದು.

ಆ ಸಿಟ್ಟಿಗೇ ನಾನು ಮೊದಲ ಸಲ, ಕರೆಂಟು ಆಫೀಸಿನವರು ಗ್ರಾಹಕರ ದೂರು ಕೇಳುವ ಜನಸಂಪರ್ಕ ಸಭೆಗೆ ಹೋದದ್ದು. ಆಫೀಸು ಯಾವುದು ಅಂತ ಬರೆಯುವುದಿಲ್ಲ. ಬರೆದರೆ ಬೈಗುಳ ಬೀಳುವುದು ನಮ್ಮ ಲೈನ್‌ಮ್ಯಾನಿಗೆ. ಸುರಿಯುವ ಮಳೆಯಲ್ಲಿ, ಉಂಬಳ ಕಚ್ಚಿಸಿಕೊಂಡು ಕಂಬ ಹತ್ತುವ ಹುಡುಗ. ಅವನಿಗೆ ಐದಕ್ಕೆ ಐದು.

ಸಭೆ ಬೆಳಿಗ್ಗೆ 11ಕ್ಕೆ. ನನ್ನ ಜೊತೆ ತೋಟದ ಕೆಲಸಕ್ಕೆ ಬರುವ ಅಕ್ಕನೂ ಬಂದಿದ್ದಳು. ಅವಳ ಕೇರಿ ಲೈನಿನ ಕೊನೆಯಲ್ಲಿದೆ. ಸಂಜೆ ನಾವು ಪಂಪ್‌ಸೆಟ್ ಹಾಕಿದರೆ, ಅಡಿಕೆ ಸುಲಿಯುವ ಮೆಷಿನ್ ಓಡಿಸಿದರೆ, ಅಲ್ಲಿ ಬಲ್ಬು ಅರಿಶಿನದ ಬಣ್ಣಕ್ಕೆ ತಿರುಗುತ್ತದೆ. ಹೆಂಗಸರಿಗೆ ಬಸ್ಸು ಫ್ರೀ ಅಲ್ವಾ ಅಂತ ಕೇಳಬೇಡಿ. ನಮ್ಮ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು, ಅದರಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲ. ಟಿಕೆಟ್ ದುಡ್ಡು ಹೋಯಿತು, ಅವಳ ಒಂದು ದಿನದ ಕೂಲಿಯೂ ಹೋಯಿತು. ಈ ಸಭೆಗೆ ಪ್ರವೇಶ ಉಚಿತ ಅನ್ನುವುದು ನನ್ನಂಥವರಿಗೆ ಮಾತ್ರ.

ಒಳಗೆ ಹದಿನಾಲ್ಕು ಗಂಡಸರು, ನಾವಿಬ್ಬರು ಹೆಂಗಸರು. ಚಹಾ ಚೆನ್ನಾಗಿತ್ತು. ಕಾಯುವಾಗ ಗೋಡೆಯ ಮೇಲಿನ ಬೋರ್ಡು ಓದಿದೆ. ಟಿಸಿ ಕೆಟ್ಟರೆ ಪೇಟೆಯಲ್ಲಿ 24 ಗಂಟೆಯೊಳಗೆ, ಹಳ್ಳಿಯಲ್ಲಿ 72 ಗಂಟೆಯೊಳಗೆ ಸರಿಮಾಡಬೇಕು. ಇದು ಆ ಆಫೀಸಿನವರ ಲೆಕ್ಕವಲ್ಲ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ನಿಯಮ. ಗಡುವು ತಪ್ಪಿದರೆ ಗ್ರಾಹಕರಿಗೆ ಪರಿಹಾರ ಕೊಡಬೇಕು ಅಂತ 2003ರ ವಿದ್ಯುತ್ ಕಾಯ್ದೆಯ 57ನೇ ಸೆಕ್ಷನ್ ಹೇಳುತ್ತದೆ. ಹಳ್ಳಿ ದಾರಿ ದೂರ, ಒಪ್ಪಿದೆ. ಅದಕ್ಕೆ ಮೂರು ಪಟ್ಟು ಕತ್ತಲೆಯಾ?

ಮನೆಗೆ ಬಂದು ಅತ್ತೆಗೆ ಇದನ್ನು ಹೇಳಿದೆ. ಅವರ ತವರುಮನೆ ಶರಾವತಿ ಮುಳುಗಡೆಯಲ್ಲಿ ಹೋಯಿತು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆ ನೀರಿನಿಂದಲೇ ಶರಾವತಿ ವಿದ್ಯುದಾಗಾರದ 1035 ಮೆಗಾವಾಟ್. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು, 'ನೀರು ಏರೋವಾಗ ಹಳ್ಳಿಯವರು ಅಂತ ನಮಗೆ ಮೂರು ಪಟ್ಟು ಟೈಮ್ ಕೊಟ್ಟಿದ್ರೇನೆ?' ಇದನ್ನು ಸಭೆಯಲ್ಲಿ ಕೇಳಬೇಕಿತ್ತು, ನನಗೆ ಹೊಳೆಯಲಿಲ್ಲ.

ನನ್ನ ಸರದಿ ಬೇಗ ಮುಗಿಯಿತು. ಬಿಲ್ಲಿನಲ್ಲಿರುವ ನಮ್ಮ ಸಂಪರ್ಕದ ಆರ್.ಆರ್. ನಂಬರ್ ಹೇಳಿದೆ, ರಿಜಿಸ್ಟರ್‌ನಲ್ಲಿ ಬರೆದುಕೊಂಡರು. ಪರಿಹಾರದ ಮಾತು ತೆಗೆದಾಗ ಮಾತ್ರ ಸಾಹೇಬರು ಪಕ್ಕದವರ ಮುಖ ನೋಡಿದರು. 'ಅರ್ಜಿ ಕೊಡಿ ಅಮ್ಮಾ, ನೋಡೋಣ' ಅಂದರು. ಕೊಟ್ಟಿದ್ದೇನೆ. ಇನ್ನೂ ನೋಡುತ್ತಿದ್ದಾರೆ.

ಅಕ್ಕನ ಸರದಿ ಬಂದಾಗಲೂ ಮೊದಲ ಪ್ರಶ್ನೆ ಅದೇ, ಆರ್.ಆರ್. ನಂಬರ್ ಎಷ್ಟು? ಅವಳು ಬಿಲ್ಲು ತಂದಿರಲಿಲ್ಲ. ಮೀಟರು ತೀರಿಹೋದ ಗಂಡನ ಹೆಸರಿನಲ್ಲಿದೆ. 'ಹೆಸರು ಬದಲಾಯಿಸಿಕೊಂಡು ಬನ್ನಿ' ಅಂದರು. ವೋಲ್ಟೇಜಿನ ಮಾತು ಬರಲೇ ಇಲ್ಲ. ಕೊನೆಗೆ ನಾನೇ ಎದ್ದು, ಅವಳದ್ದೂ ನಮ್ಮದೇ ಟಿಸಿ, ಬರೆದುಕೊಳ್ಳಿ ಅಂದೆ. ಬರೆದುಕೊಂಡರು, ನನ್ನ ನಂಬರಿನ ಕೆಳಗೆ.

ಗೃಹಜ್ಯೋತಿ ಬಂದಮೇಲೆ ಅವಳಿಗೆ ಬಿಲ್ಲಿಲ್ಲ, ನಿಜ, ದೊಡ್ಡ ಉಪಕಾರ. ಆದರೆ 2023ರಲ್ಲಿ ಲೆಕ್ಕ ಹಾಕಿದ್ದು ಹಿಂದಿನ ಸರಾಸರಿಯ ಮೇಲೆ ಶೇಕಡಾ 10 ಸೇರಿಸಿ. ಮೂವತ್ತು ಯೂನಿಟ್ ಸುಡುವ ಮನೆಗೆ ಮೂವತ್ತಮೂರು ಫ್ರೀ, ನೂರೆಂಬತ್ತು ಸುಡುವ ಮನೆಗೆ ನೂರ ತೊಂಬತ್ತೆಂಟು. ಮರುವರ್ಷ ಕಡಿಮೆ ಬಳಸುವವರಿಗೆ ಶೇಕಡಾ 10ರ ಬದಲು 10 ಯೂನಿಟ್ ಅಂತ ಮಾಡಿದರು. ಹೀಗಾಗಿ ಈಗ ಅವಳು ಮಿಕ್ಸಿ ತೊಗೊಳ್ಳಬಹುದು. ತಿರುಗುವಷ್ಟು ವೋಲ್ಟೇಜು ಇದ್ದರೆ.

ಇಷ್ಟೆಲ್ಲ ಬೈದು ಎರಡೂವರೆ ಯಾಕೆ ಅಂದರೆ, ಕೆಲಸ ಆಗಿದೆ. ಎರಡು ತಿಂಗಳಿಗೆ 25 ಕೆವಿಎ ಟಿಸಿ ತೆಗೆದು 63ರದ್ದು ಕೂರಿಸಿದರು. ನಮ್ಮ ಪಂಪು ಈಗ ಗುನುಗುತ್ತದೆ. ಕೇರಿಯ ಕಡೆ ಹೋಗುವ ತಂತಿ ಮಾತ್ರ ಹಳೆಯದೇ ಇದೆ, ಬಲ್ಬೂ ಹಳದಿಯೇ.

ಹೋಗುವವರಿಗೆ ಒಂದು ಮಾತು. ಬಿಲ್ಲಿನ ಜೆರಾಕ್ಸ್ ಒಯ್ಯಿರಿ, ಅರ್ಜಿಯ ಇನ್ನೊಂದು ಪ್ರತಿಗೆ ಸೀಲು ಹಾಕಿಸದೆ ಎದ್ದು ಬರಬೇಡಿ.

ಮುಂದಿನ ಸಭೆಗೆ ನಾವಿಬ್ಬರೂ ಹೋಗುತ್ತೇವೆ. ಅಕ್ಕನ ಗಂಡನ ಮರಣ ಪತ್ರದ ಮೂರು ಜೆರಾಕ್ಸ್ ನನ್ನ ಚೀಲದಲ್ಲಿವೆ. ಅತ್ತೆಯೂ ಬರುತ್ತೇನೆ ಅನ್ನುತ್ತಿದ್ದಾರೆ.