ಕೆರೆ ಹಕ್ಕಿ ನೋಡೋಕೆ ನಿಕಾನ್ ಅಕ್ಯುಲಾನ್ 8×42: ದಾವಣಗೆರೆಯಿಂದ ಒಂದು ರಿವ್ಯೂ

ಚಳಿಗಾಲದ ಬಾತು, ಕಡಲಕ್ಕಿ (ಸೀಗಲ್) ನೋಡುವ ಹುಚ್ಚು ಹೊಸದಾಗಿ ಹತ್ತಿದವರು ಯಾವ ಬೈನಾಕ್ಯುಲರ್ ತಗೊಳ್ಳಲಿ ಅಂತ ಕೇಳಿದರೆ ನನ್ನ ಉತ್ತರ ನಿಕಾನ್ ಅಕ್ಯುಲಾನ್ ಎ211. ಅದರಲ್ಲೂ 8×42. 8 ಅಂದರೆ ಎಂಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ, 42 ಅಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರ್‌ನಲ್ಲಿ. ಅಂಗಡಿಯವರು 10×50 ಕಡೆಗೆ ಎಳೆಯುತ್ತಾರೆ, ಬಗ್ಗಬೇಡಿ. ನಾನು ಕೊಂಡಾಗ ಹತ್ತು ಸಾವಿರದ ಒಳಗೇ ಸಿಕ್ಕಿತ್ತು. ಕುಂದವಾಡ ಕೆರೆ, ಕೊಂಡಜ್ಜಿ, ದೇವರಬೆಳಕೆರೆ, ಸೂಳೆಕೆರೆ ಎಲ್ಲ ಕಡೆಯೂ ಇದನ್ನೇ ಕೊರಳಿಗೆ ಹಾಕಿಕೊಂಡು ಓಡಾಡಿದ್ದೇನೆ.

ಜಾಸ್ತಿ ದೊಡ್ಡದಾಗಿ ಕಂಡರೆ ಒಳ್ಳೆಯದಲ್ವಾ ಅಂತ ಎಲ್ಲರಿಗೂ ಅನಿಸುತ್ತದೆ. ಕೆರೆ ದಡದಲ್ಲಿ ನಿಂತಾಗ ಲೆಕ್ಕವೇ ಬೇರೆ. 8×42ರಲ್ಲಿ ಒಂದು ಕಿಲೋಮೀಟರ್ ದೂರದಲ್ಲಿ 140 ಮೀಟರ್ ಅಗಲದ ನೀರು ಒಟ್ಟಿಗೆ ಕಾಣುತ್ತದೆ, ಅದೇ ಮಾಡೆಲ್‌ನ 10×50ರಲ್ಲಿ 114 ಮೀಟರ್ ಮಾತ್ರ. ನಾಮದ ಕೋಳಿಗಳ (ಕೂಟ್ ಅನ್ನುವ ಕಪ್ಪು ನೀರುಹಕ್ಕಿ) ದೊಡ್ಡ ಗುಂಪಿನ ನಡುವೆ ಎಲ್ಲೋ ಒಂದು ಸೂಜಿಬಾಲದ ಬಾತು ಸೇರಿಕೊಂಡಿರುತ್ತದೆ, ಅದನ್ನು ಹುಡುಕೋಕೆ ಈ ಅಗಲ ಬೇಕೇ ಬೇಕು. ಗುಳುಮುಳುಕ ಇಲ್ಲಿ ಮುಳುಗಿ ಅಲ್ಲೆಲ್ಲೋ ಏಳುತ್ತದೆ, ಅದನ್ನು ಹಿಡಿಯೋಕೂ ಅಷ್ಟೇ. ಇನ್ನು ಕೈ ನಡುಕ. ಎಂಟು ಪಟ್ಟು ದೊಡ್ಡದು ಮಾಡಿದಾಗ ನಡುಕವೂ ಎಂಟು ಪಟ್ಟು, ಹತ್ತಾದರೆ ಹತ್ತು ಪಟ್ಟು. ಬೆಳಗಿನ ಚಳಿಗಾಳಿಯಲ್ಲಿ ಏರಿ ಮೇಲೆ ನಿಂತು ನೋಡಿ, ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ತೂಕವೂ ಕಡಿಮೆ, ಇದು 755 ಗ್ರಾಂ, ಅದು 900.

ಇದರ ನಿಜವಾದ ತಾಕತ್ತು ನನಗೆ ಗೊತ್ತಾಗಿದ್ದು ಕಡಲಕ್ಕಿಗಳ ಮುಂದೆ. ನಮ್ಮ ದಾವಣಗೆರೆ ಸುತ್ತ ನೀರಿನ ಮೇಲೆ ಬೆಳ್ಳಗೆ ಹಾರುವುದನ್ನೆಲ್ಲ ಜನ ಸೀಗಲ್ ಅಂತಾರೆ, ಆದರೆ ಹೆಚ್ಚಿನ ಸಲ ಅದು ರೀವ (ಟರ್ನ್) ಅನ್ನುವ ಬೇರೆ ಹಕ್ಕಿ. ಕವಲು ಬಾಲ, ಚೂಪು ರೆಕ್ಕೆ ನೋಡಿದರೆ ಸಾಕು. ಕಡಲಕ್ಕಿ ಬೇಕಂದರೆ ನಾವು ಹೊಸಪೇಟೆಯ ತುಂಗಭದ್ರಾ ಹಿನ್ನೀರಿಗೆ ಹೋಗುತ್ತೇವೆ. ಅಲ್ಲಿ ಕಂದು ತಲೆಯದು ಯಾವುದು, ಕಪ್ಪು ತಲೆಯದು ಯಾವುದು ಅಂತ ತಲೆ ನೋಡಿ ಹೇಳೋಕೆ ಹೋದರೆ ಕೆಲಸ ಆಗಲ್ಲ, ಯಾಕೆಂದರೆ ಚಳಿಗಾಲದಲ್ಲಿ ಎರಡರ ತಲೆಯೂ ಬಿಳಿ! ಕಣ್ಣಿನ ಹಿಂದೆ ಒಂದು ಕಪ್ಪು ಮಚ್ಚೆ ಉಳಿದಿರುತ್ತದೆ ಅಷ್ಟೇ, ಅದೂ ಎರಡಕ್ಕೂ ಇರುತ್ತದೆ. ನೋಡಬೇಕಾದ್ದು ರೆಕ್ಕೆಯ ತುದಿ. ಬೆಳೆದ ಕಂದು ತಲೆಯ ಕಡಲಕ್ಕಿಗೆ ತುದಿಯೆಲ್ಲ ಕಪ್ಪು, ಆ ಕಪ್ಪಿನೊಳಗೆ ಬಿಳಿ ಮಚ್ಚೆಗಳು. ಕಪ್ಪು ತಲೆಯದಕ್ಕೆ ರೆಕ್ಕೆಯ ಮುಂದಿನ ಅಂಚು ಉದ್ದಕ್ಕೂ ಬಿಳಿ, ಕಪ್ಪು ಬರೀ ಕೊನೆಯಲ್ಲಿ. ಹಕ್ಕಿ ತಿರುಗುವಾಗ ಇದು ಒಂದು ಕ್ಷಣ ಕಾಣುತ್ತದೆ. ಆ ಕ್ಷಣದಲ್ಲಿ ಹಕ್ಕಿ ಲೆನ್ಸ್‌ನ ಒಳಗೇ ಇರಬೇಕು, ಫೋಕಸ್ಸೂ ಸರಿ ಇರಬೇಕು. 8×42ರಲ್ಲಿ ನನಗೆ ಅದು ಸಿಕ್ಕಿತು. ಸ್ನೇಹಿತನ 10×50ರಲ್ಲಿ ಹಕ್ಕಿಯನ್ನು ಹುಡುಕೋದರಲ್ಲೇ ಅದು ದಾಟಿ ಹೋಗುತ್ತಿತ್ತು.

ಬಣ್ಣವೂ ನಿಜವಾದ ಬಣ್ಣವೇ. ವರಟೆ ಬಾತಿನ ಕೊಕ್ಕಿನ ತುದಿಯ ಹಳದಿ, ಬುಡದ ಕೆಂಪು ಚುಕ್ಕೆ ಎರಡೂ ಕೊಂಡಜ್ಜಿಯಲ್ಲಿ ಬಿಡಿಬಿಡಿಯಾಗಿ ಕಂಡವು. ಜಾತ್ರೆ, ಪ್ರವಾಸಿ ಜಾಗಗಳಲ್ಲಿ ಕೆಂಪು ಗಾಜಿನ ಬೈನಾಕ್ಯುಲರ್ ಮಾರುತ್ತಾರಲ್ಲ, ಅದರಲ್ಲಿ ಬಿಳಿಯೂ ಹಸಿರು ಹೊಡೆಯುತ್ತದೆ. ಬಾತುಗಳಿಗಂತೂ ಅದು ಬೇಡವೇ ಬೇಡ. ಅಕ್ಟೋಬರ್‌ನಲ್ಲಿ ಬಂದಿಳಿದಾಗ ಗಂಡು ಬಾತುಗಳೂ ಹೆಣ್ಣಿನ ಹಾಗೆ ಮಾಸಲು ಕಂದಾಗಿರುತ್ತವೆ, ಆಗ ಕೊಕ್ಕಿನ ಆಕಾರ, ಮುಖದ ಗೆರೆ ನೋಡಿಯೇ ಗುರುತಿಸಬೇಕು. ಶವಲರ್ ಬಾತಿಗೆ ಸಲಿಕೆಯಂಥ ಕೊಕ್ಕು ಇರುವುದರಿಂದ ಅದು ಸುಲಭ. ಗಾರ್ಗನಿ ಗಂಡಿನ ಬಿಳಿ ಹುಬ್ಬು ಮಾತ್ರ ಚಳಿಗಾಲ ಮುಗಿಯುತ್ತ ಬಂದಾಗಲೇ ಚೆನ್ನಾಗಿ ಮೂಡುವುದು, ಹಾಗಾಗಿ ಫೆಬ್ರವರಿಯಲ್ಲಿ ಇನ್ನೊಮ್ಮೆ ಹೋಗಿ.

ಇದಕ್ಕೆ ಕೈಲಾಗದ್ದೂ ಇದೆ. ಸೂಳೆಕೆರೆ ಏರಿ ಮೇಲೆ ನಿಂತು ಆಚೆ ದಡದ ಬಾತು ಯಾವುದು ಅಂತ ಇದರಲ್ಲಿ ಹೇಳೋಕೆ ಆಗಲ್ಲ. ಬಾತು ಅನ್ನೋದಷ್ಟೇ ಗೊತ್ತಾಗುತ್ತದೆ. ಹಿರಿಯೂರಿನ ವಾಣಿವಿಲಾಸ ಸಾಗರದಲ್ಲೂ ಹಾಗೇ. ಅಂಥ ದೊಡ್ಡ ನೀರಿಗೆ ಸ್ಟ್ಯಾಂಡ್ ಮೇಲಿಟ್ಟು ಒಂದೇ ಕಣ್ಣಲ್ಲಿ ನೋಡುವ ದೂರದರ್ಶಕ, ಅಂದರೆ ಸ್ಪಾಟಿಂಗ್ ಸ್ಕೋಪೇ ಬೇಕು, ಅದರ ಬದಲಿಗೆ 10×50 ತಗೊಂಡರೂ ಏನೂ ಪ್ರಯೋಜನ ಇಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆ ಚಿಕ್ಕದು, ಅಲ್ಲಿ ಪಟ್ಟೆತಲೆ ಹೆಬ್ಬಾತುಗಳ ತಲೆ ಮೇಲಿನ ಎರಡು ಕಪ್ಪು ಪಟ್ಟೆಯನ್ನೂ ಇದರಲ್ಲಿ ಎಣಿಸಬಹುದು. 2024ರಲ್ಲಿ ಆ ಕೆರೆಗೆ ರಾಮ್‌ಸಾರ್ ಮಾನ್ಯತೆ (ಮಹತ್ವದ ಜೌಗು ಪ್ರದೇಶ ಅನ್ನುವ ಅಂತರರಾಷ್ಟ್ರೀಯ ಮನ್ನಣೆ) ಸಿಕ್ಕಿತು, ನೋಡದವರು ಒಮ್ಮೆ ನೋಡಲೇಬೇಕು.

ಇದು ವಾಟರ್‌ಪ್ರೂಫ್ ಅಲ್ಲ. ಮಂಜಿನಲ್ಲಿ ತುಂಬಾ ಹೊತ್ತು ಇಟ್ಟುಕೊಂಡರೆ ತೇವ ಒಳಗೆ ಹೋಗಬಹುದು. ಮನೆಗೆ ಬಂದ ಮೇಲೆ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಮುಚ್ಚಿಡಿ.

ಕನ್ನಡಕದವರಿಗೆ ಇನ್ನೊಂದು ಮಾತು. ಈ ಮಾಡೆಲ್‌ನಲ್ಲಿ ಕಣ್ಣನ್ನು ಗಾಜಿಗೆ ತೀರಾ ಹತ್ತಿರ ಇಡಬೇಕು, ಸುಮಾರು 12 ಮಿಲಿಮೀಟರ್. ಕನ್ನಡಕ ಹಾಕಿಕೊಂಡರೆ ಚಿತ್ರದ ಅಂಚೆಲ್ಲ ಕತ್ತರಿಸಿದ ಹಾಗೆ ಆಗುತ್ತದೆ. ನಮ್ಮ ಮಾವ ಬೇಜಾರಾಗಿ ವಾಪಸ್ ಕೊಡೋಕೆ ಬಂದರು. "ಕನ್ನಡಕ ತೆಗೆದೇ ನೋಡಿ ಮಾವ, ಫೋಕಸ್ ತಿರುಗಿಸಿದರೆ ಸರಿ ಹೋಗುತ್ತೆ" ಅಂದೆ. ಸರಿ ಹೋಯಿತು. ದೂರದ ದೃಷ್ಟಿದೋಷ ಮಾತ್ರ ಇದ್ದವರಿಗೆ ಈ ಉಪಾಯ ನಡೆಯುತ್ತದೆ, ಸಿಲಿಂಡರ್ ಪವರ್ ಜಾಸ್ತಿ ಇದ್ದವರಿಗೆ ನಡೆಯಲ್ಲ. ಅಂಥವರು ಬೇರೆ ಮಾಡೆಲ್ ನೋಡಿ.

ಕೊಳ್ಳುವಾಗ ಬರೀ ಡಬ್ಬಿ ನೋಡಿ ದುಡ್ಡು ಕೊಡಬೇಡಿ. ಅಂಗಡಿಯಿಂದ ಹೊರಗೆ ಬಂದು ದೂರದ ಕರೆಂಟ್ ಕಂಬದ ಮೇಲೆ ಫೋಕಸ್ ಮಾಡಿ. ಮೊದಲು ಬಲಗಣ್ಣು ಮುಚ್ಚಿ ನಡುವಿನ ಚಕ್ರದಿಂದ ಎಡಗಣ್ಣಿಗೆ ಸರಿ ಮಾಡಿ, ಆಮೇಲೆ ಎಡಗಣ್ಣು ಮುಚ್ಚಿ ಬಲಗಡೆಯ ಉಂಗುರ ತಿರುಗಿಸಿ. ಇಷ್ಟು ಮಾಡಿದ ಮೇಲೆ ಎರಡೂ ಕಣ್ಣಲ್ಲಿ ನೋಡಿದಾಗ ಕಂಬ ಒಂದೇ ಕಾಣಬೇಕು. ಎರಡೆರಡು ಕಂಡರೆ, ಇಲ್ಲ ನೋಡುತ್ತ ನೋಡುತ್ತ ಕಣ್ಣು ಎಳೆದ ಹಾಗಾದರೆ, ಆ ಪೀಸ್ ಬೇಡ ಅಂತ ಅಲ್ಲೇ ಹೇಳಿ ಇನ್ನೊಂದು ತೆಗೆಸಿ.